ಗುಬ್ಬಿಯ ಬೆಂಚು

"ಮಗು ನಿಂದೇ ಇರ್ಬಹುದು ಕಣೇ. ಅದು ಯಾವತ್ತು ಸ್ಕೂಲು ತಪ್ಪಿಸ್ಬೇಕು ಅಂತ ಹೇಳೋಕೆ ನೀನ್ಯಾವ ಊರ ದೊಣ್ಣೆನಾಯಕಿ?"

ಹೆಡ್‌ಮೇಷ್ಟ್ರು ಮೇಜು ಕುಟ್ಟಿದ ರಭಸಕ್ಕೆ ಚಹಾದ ಲೋಟಗಳು ಕುಣಿದವು. ಬೀದಿ ಗುಡಿಸುವವಳು ಹೊಸ್ತಿಲಾಚೆಯೇ ನಿಂತಿದ್ದಳು. ಒಳಗೆ ಬಾ ಎಂದವರಿಲ್ಲ. ಸೆರಗಿನ ಮರೆಯಲ್ಲಿ ಮಗಳು ಗುಬ್ಬಿ. ಮಕ್ಕಳು ಸರಿಯಾಗಿ ಶಾಲೆಗೆ ಬರುತ್ತಾರೋ ಇಲ್ಲವೋ ನೋಡಲು ಬಂದಿದ್ದ ಸಾಹೇಬರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ ಕೂತಿದ್ದರು.

"ವಾರದಿಂದ ಮನೇಲಿಟ್ಕೊಂಡಿದೀಯಂತೆ. ನಾನೊಂದು ಮಾತು ಹೇಳಿದ್ರೆ ನಿನ್ನ ಕೆಲ್ಸ ಹೋಗುತ್ತೆ, ಗೊತ್ತಾ?" ಎಂದರು ಸಾಹೇಬರು, ಮಳೆ ಬರಬಹುದು ಎನ್ನುವಷ್ಟು ತಣ್ಣಗೆ.

ಅವಳು ಬಾಯಿ ತೆರೆಯುವಷ್ಟರಲ್ಲಿ ಬಟ್ಟೆ ಅಂಗಡಿ ಸಾಹುಕಾರರ ಹೆಂಡತಿ ಸೀರೆ ತಾಗದಂತೆ ಎತ್ತಿ ಹಿಡಿದು ಒಳಗೆ ಹೋದಳು.

"ಮೇಷ್ಟ್ರೇ, ನಾದಿನಿ ಮದುವೆ. ಮಗ ತಿಂಗಳ ಕೊನೇವರೆಗೆ ಬರಲ್ಲ."

"ಅಯ್ಯೋ, ಅದಕ್ಕೆ ಈ ಬಿಸಿಲಲ್ಲಿ ಬರ್ಬೇಕಿತ್ತಾ ತಾಯಿ? ನಿಮ್ಮ ಮಗು, ನಿಮ್ಮಿಷ್ಟ."

ಆಕೆ ಹೊರಟುಹೋದ ಮೇಲೆ ಬೀದಿ ಗುಡಿಸುವವಳಿಗೆ ನಗು ತಡೆಯಲಾಗಲಿಲ್ಲ.

"ಯಾಕೇ ಹಲ್ಲು ಕಿರೀತೀಯಾ, ಮುಂಡೇದೇ?" ಮೇಷ್ಟ್ರು ಗದರಿದರು.

"ಏನಿಲ್ಲ ಸ್ವಾಮಿ. ಈ ಕೈ ನೋಡಿ." ಮಗಳ ಕೈಯನ್ನು ಮುಂದಕ್ಕೆ ಎಳೆದಳು. ಬೆರಳ ಸಂದುಗಳಲ್ಲಿ ಚರ್ಮ ಸುಲಿದು ಬಿಳಿಚಿತ್ತು. "ಬೆಲ್ಲು ಹೊಡೆದ ಕೂಡ್ಲೇ ಇವಳನ್ನ ಕಕ್ಕಸು ತೊಳೆಯೋಕೆ ಅಟ್ತಾರೆ. ಪೊರಕೆ ಬ್ಯಾಡ ಅಂತ ಇಲ್ಲಿಗೆ ಕಳಿಸಿದ್ರೆ ಇಲ್ಲೂ ಪೊರಕೇನೇ. ಅದೇ ಮಾಡೋದಾದ್ರೆ ನನ್ ಜೊತೆ ಬೀದಿ ಗುಡಿಸ್ಲಿ. ಗಾಳಿನಾದ್ರೂ ಇರುತ್ತೆ."

ಸಾಹೇಬರ ಬಿಸ್ಕತ್ತು ತುಂಡಾಗಿ ಚಹಾದೊಳಗೆ ಮುಳುಗಿತು.

"ಎಲ್ಲಾ ಮಕ್ಕಳೂ ಶ್ರಮದಾನ ಮಾಡ್ತವೆ ಸಾರ್. ಇದಕ್ಕೆ ಅಭ್ಯಾಸ ಇದೆ, ಅಷ್ಟೆ."

"ನಿಮ್ಮ ಮಗಳಿಗೂ ಅಭ್ಯಾಸ ಮಾಡ್ಸಿ ಮತ್ತೆ."

"ಬಾಯ್ಮುಚ್ಚೇ, ಹಲ್ಕಾ! ಇವಳು ತೊಳೀದಿದ್ರೆ ಯಾರು ತೊಳೀತಾರೆ, ನಿಮ್ಮಪ್ಪ ಬರ್ತಾನಾ?"

"ನಾನು ಬರ್ತೀನಿ." ಮಾತು ಜಾರಿಬಿಟ್ಟಿತ್ತು. ಅದನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ನಾನೇ ತೊಳೀತೀನಿ. ಇವಳನ್ನ ಬೆಂಚಿನ ಮೇಲೆ ಕೂರ್ಸಿ."

ಸಾಹೇಬರಿಗೆ ನಿರಾಳವಾಯಿತು. "ನೋಡಿದ್ರಾ? ಬಾಯಿಬಿಟ್ಟು ಮಾತಾಡಿದ್ರೆ ಎಲ್ಲಾ ಬಗೆಹರಿಯುತ್ತೆ," ಎಂದು ಇನ್ನೊಂದು ಬಿಸ್ಕತ್ತಿಗೆ ಕೈಹಾಕಿದರು.

ಮರುದಿನ ತನ್ನ ಬೀದಿ ಗುಡಿಸಿ ಮುಗಿಸಿದ್ದೇ, ಅವಳು ಮಗಳ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದು ಕರೆತಂದಳು. ತಾನೇ ಹಿಂದಿನ ಬೆಂಚಿನ ತುದಿಗೆ ಕೂರಿಸಿದಳು. ಪಕ್ಕದ ಹುಡುಗಿ ಸರಿದಳು. ಅವಳ ಪಕ್ಕದವಳು ಎದ್ದಳು. ನೋಡನೋಡುತ್ತ ಬೆಂಚೇ ಖಾಲಿಯಾಯಿತು.

"ಒಳ್ಳೇದೇ ಆಯ್ತು ಬಿಡು, ಕಾಲು ಚಾಚ್ಕೊಂಡು ಕೂತ್ಕೋ, ರಾಣಿ," ಎಂದು ಮಗಳ ಕೆನ್ನೆ ತಟ್ಟಿ ಹಿತ್ತಲಿಗೆ ನಡೆದಳು.

ಚರಂಡಿ ಬಾಚಿ ಬಲ್ಲವಳೂ ಆ ಕಕ್ಕಸಿನ ನಾತಕ್ಕೆ ಸೆರಗನ್ನು ಮೂಗಿಗೆ ಕಟ್ಟಿಕೊಂಡಳು. ಬಕೆಟ್ಟುಗಟ್ಟಲೆ ನೀರು ಸುರಿದು ಉಜ್ಜತೊಡಗಿದಳು. ಗೋಡೆಯಾಚೆಯಿಂದ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು. ಅಷ್ಟು ಗಂಟಲುಗಳಲ್ಲಿ ತನ್ನ ಗುಬ್ಬಿಯದು ಯಾವುದೆಂದು ಕೈ ನಿಲ್ಲಿಸಿ, ಕಿವಿಗೊಟ್ಟು ಹುಡುಕಿದಳು.

ಬಾಗಿಲಿಗೆ ನೆರಳು ಬಿತ್ತು. ಗುಬ್ಬಿ.

"ಯಾಕೇ ಎದ್ದು ಬಂದೆ? ಹೊಡೆದ್ರಾ?"

"ಇಲ್ಲ."

"ಬೈದ್ರಾ?"

"ಊಹೂಂ. ಅಲ್ಲಿ ಏನು ಮಾಡ್ಬೇಕೋ ಗೊತ್ತಾಗ್ಲಿಲ್ಲವ್ವಾ."

ಗುಬ್ಬಿ ಒದ್ದೆ ನೆಲ ನೋಡಿದಳು, ತಾಯಿಯ ಕೈಯಲ್ಲಿದ್ದ ಕಡ್ಡಿ ಪೊರಕೆ ನೋಡಿದಳು.

"ಹಂಗಲ್ಲವ್ವಾ. ಮೊದ್ಲೇ ನೀರು ಹಾಕ್ಬಾರ್ದು. ಪೌಡರ್ ಉದುರಿಸ್ಬೇಕು. ಕೆಮ್ಮು ಬರೋ ತನಕ ಕಾಯ್ಬೇಕು. ಆಮೇಲೆ ಮೂಲೆಯಿಂದ ಉಜ್ಕೊಂಡು ಬರ್ಬೇಕು. ಟೀಚರಮ್ಮಂದಿರದ್ದು ಮೊದ್ಲು, ಹುಡುಗ್ರದ್ದು ಕೊನೇಗೆ."

ಇವತ್ತೇನು ಕಲಿತೆ ಎಂದು ದಿನಾ ಸಂಜೆ ಕೇಳಿದರೆ ಕಾಲ್ಬೆರಳಿನಿಂದ ನೆಲ ಕೆರೆಯುತ್ತ ನಿಲ್ಲುತ್ತಿದ್ದ ಹುಡುಗಿ, ಒಂದಕ್ಷರವೂ ತಡವರಿಸದೆ ಮಗ್ಗಿಯ ರಾಗದಲ್ಲೇ ಒಪ್ಪಿಸಿದಳು. ಒಪ್ಪಿಸಿ, ಪೊರಕೆಗೆ ಕೈ ನೀಡಿದಳು.

ತಾಯಿ ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ಮಗಳ ಕೈ ಚಾಚಿದಂತೆಯೇ ಇತ್ತು.