ಗಾಡಿಯ ನಡುಕಕ್ಕೆ ನಾಲ್ಕು ಮದ್ದು

ಮಗಳ ಒಂದು ಜಡೆ ಮುಗಿದು ಎರಡನೆಯದು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಅಂಗಳದಿಂದ ಕರೆ ಬಂತು.

"ಸ್ವಲ್ಪ ಬಾ ಇಲ್ಲಿ. ತೀರ್ಮಾನ ಆಗಿದೆ."

ನರ್ಸಮ್ಮ ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಎದ್ದಳು. ಗಂಡ ತೀರ್ಮಾನ ಮಾಡಿದ್ದಾನೆ ಎಂದರೆ ಮನೆಯಲ್ಲಿ ಹೊಸದಾಗಿ ಏನೋ ಕೆಡಲಿದೆ ಎಂದೇ ಅರ್ಥ. ಬಿಟ್ಟರೆ ಬಿಚ್ಚಿಹೋಗುತ್ತದೆಂದು ಅರ್ಧ ಜಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಪುಟ್ಟಿಯೂ ಹಿಂದೆ ಬಂದಳು.

ಅಂಗಳದಲ್ಲಿ ಗಾಡಿ ಬಾಯಿ ತೆರೆದುಕೊಂಡು ನಿಂತಿತ್ತು. ನಾಲ್ಕೂ ಚಕ್ರಕ್ಕೆ ಬಲ ಹೋಗುವ, ಬೆಟ್ಟ ಹತ್ತುವ, ಹೊಳೆ ದಾಟುವ ಗಾಡಿ. ಇದುವರೆಗೆ ಅದು ಹತ್ತಿದ ಅತಿ ಎತ್ತರದ ಬೆಟ್ಟವೆಂದರೆ ಶಾಲೆಯ ಗೇಟಿನ ಮುಂದಿನ ಹಂಪು. ಅದರ ಬಾಯೊಳಗೆ ಎರಡು ತಲೆಗಳು ಹೊಕ್ಕಿದ್ದವು. ಒಂದು ಅವಳ ಗಂಡನದು, ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಮೇಷ್ಟ್ರದು. ಇನ್ನೊಂದು ಅವರ ಷಡ್ಡಕನದು. ಅಂದರೆ ಅವಳ ತಂಗಿಯ ಗಂಡ, ಮೊಬೈಲ್ ಅಂಗಡಿಯವನು. ಮೇಷ್ಟ್ರಿಗೆ ತತ್ವ ಗೊತ್ತು, ಷಡ್ಡಕನಿಗೆ ವಿಡಿಯೋ ಗೊತ್ತು. ಇಬ್ಬರಿಗೂ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ ಎಂಬುದು ಗಾಡಿಗೆ ಗೊತ್ತು.

ಮೂರು ತಿಂಗಳ ಹಿಂದಿನ ಒಂದು ಭಾನುವಾರ ಇಬ್ಬರೂ ಸೇರಿ ಇದೇ ಅಂಗಳದಲ್ಲಿ ಸ್ಪ್ರಿಂಗು ಬದಲಿಸಿ, ದೊಡ್ಡ ಟೈರು ಹಾಕಿ ಗಾಡಿಯನ್ನು ಮೂರು ಬೆರಳು ಎತ್ತರಿಸಿದ್ದರು. ಷಡ್ಡಕ ಫೋನು ನೋಡಿ ಓದಿ ಹೇಳುತ್ತಿದ್ದ, ಮೇಷ್ಟ್ರು ಅಡಿಯಲ್ಲಿ ಮಲಗಿ ಮಾಡುತ್ತಿದ್ದರು, ಪುಟ್ಟಿ ತಟ್ಟೆಯಲ್ಲಿ ಬೋಲ್ಟು ಹಿಡಿದು ಕೂತಿದ್ದಳು. ಕೆಲಸ ಮುಗಿದು ಗಾಡಿ ಜಾಕಿನಿಂದ ಇಳಿದದ್ದೇ ತಡ, ಬೆಳಕು ಹೋಗುವುದರೊಳಗೆ ಫೋಟೋ ಆಗಬೇಕೆಂದು ಓಡಾಟ. ಫೋಟೋದಲ್ಲಿ ಮೇಷ್ಟ್ರು ಬಾನೆಟ್ಟಿನ ಮೇಲೆ ಕೈಯಿಟ್ಟು, ಹುಲಿ ಹೊಡೆದವರ ಹಾಗೆ ನಿಂತಿದ್ದಾರೆ.

ಮಾರನೆಯ ದಿನದಿಂದಲೇ ನಡುಕ ಶುರುವಾಯಿತು. ವೇಗ ಅರವತ್ತಕ್ಕೆ ಬಂದಾಗ ಮುಂದಿನ ಚಕ್ರ ಒಂದು ಸಣ್ಣ ಗುಂಡಿಗೆ ಇಳಿದರೆ ಸಾಕು, ಸ್ಟಿಯರಿಂಗು ಜರಡಿಯ ಹಾಗೆ ಎಡಕ್ಕೆ ಬಲಕ್ಕೆ ಹೊಯ್ದಾಡುತ್ತಿತ್ತು. ವೇಗ ಮೂವತ್ತಕ್ಕೆ ಇಳಿಯುವವರೆಗೂ ನಿಲ್ಲುತ್ತಿರಲಿಲ್ಲ. ದಿನಾ ಅದನ್ನು ಓಡಿಸಿಕೊಂಡು ಆಸ್ಪತ್ರೆಗೆ ಹೋಗುವ ನರ್ಸಮ್ಮ ಅಂದೇ ಹೇಳಿದಳು. "ಹೊಸ ದೊಡ್ಡ ಟೈರು, ಹೊಂದಿಕೊಳ್ಳಬೇಕು" ಎಂದರು ಮೇಷ್ಟ್ರು, ಟೈರು ಮನೆಗೆ ಬಂದ ಸೊಸೆ ಎಂಬಂತೆ.

ಮೊದಲ ಮದ್ದು ಟೈರಿನ ಬ್ಯಾಲೆನ್ಸಿಂಗು. ನಡುಕ ಕದಲಲಿಲ್ಲ. ಎರಡನೆಯ ಮದ್ದು ಡ್ಯಾಂಪರು, ಸ್ಟಿಯರಿಂಗಿನ ಕಂಬಿಗೆ ಜೋಡಿಸಿ ನಡುಕ ಹೀರಿಸುವ ಕೊಳವೆ. ಅದು ಹನ್ನೊಂದು ದಿನ ಹೀರಿತು.

"ಜ್ವರ ಯಾಕೆ ಬಂತು ಅಂತ ನೋಡದೆ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗಾಯ್ತು ಇದು" ಎಂದಳು ನರ್ಸಮ್ಮ.

"ಇದು ನಿಮ್ಮ ವಾರ್ಡಲ್ಲ ಕಣೇ" ಎಂದು ಮೇಷ್ಟ್ರು ನಕ್ಕರು. ಮೂರನೆಯ ಮದ್ದಾಗಿ ಇನ್ನೂ ದಪ್ಪದ, ಕೆಂಪು ಬಣ್ಣದ ಡ್ಯಾಂಪರು ಬಂತು. ಹದಿನೈದು ದಿನ. ಪ್ರತಿ ಸಲವೂ ಪುಟ್ಟಿ, "ಅಪ್ಪಾ, ಅವತ್ತು ಗಾಡಿ ಎತ್ತಿದ ದಿನ..." ಎಂದು ಬಾಯಿ ತೆರೆದಿದ್ದಳು. ಪ್ರತಿ ಸಲವೂ, "ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು" ಎಂದು ಅವಳಿಗೆ ಕಲಿಸಲಾಗಿತ್ತು.

ಈಗ ನಾಲ್ಕನೆಯದು.

"ನೋಡು, ಗಾಡಿಯಲ್ಲಿ ದೋಷ ಇಲ್ಲ" ಎಂದರು ಮೇಷ್ಟ್ರು. ಕಾಂಪೌಂಡ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಲೆಗಳ ಚಿತ್ರ ಆಗಲೇ ಸಿದ್ಧವಿತ್ತು. "ನಿನ್ನ ಕೈ ನಡುಗುತ್ತೆ. ಆ ಸಣ್ಣ ನಡುಕ ಚಕ್ರಕ್ಕೆ ಹೋಗಿ, ಅನುರಣನ ಆಗಿ, ದೊಡ್ಡದಾಗಿ ವಾಪಸ್ ಬರುತ್ತೆ. ತುಂಬ ಸರಳ."

"ಭಾವ ಹೇಳಿದ್ದರಲ್ಲಿ ಪಾಯಿಂಟ್ ಇದೆ ಅಕ್ಕ" ಎಂದ ಷಡ್ಡಕ, ಅವಳ ಕಡೆ ನೋಡದೆ.

ನರ್ಸಮ್ಮ ಬಾಯಿಯಿಂದ ಬಾಚಣಿಗೆ ತೆಗೆದಳು. ಎರಡು ದಿನದ ಕೂಸಿನ ಮುಂಗೈಯಲ್ಲಿ ದಾರದಷ್ಟು ಸಣ್ಣ ನರ ಹುಡುಕಿ, ಒಂದೇ ಚುಚ್ಚಿಗೆ ಸೂಜಿ ಕೂರಿಸುವ ಕೈ ಅದು. ಬೇರೆಯವರಿಗೆ ಆಗದಿದ್ದರೆ ಇಡೀ ಆಸ್ಪತ್ರೆ ಅವಳನ್ನೇ ಕರೆಯುತ್ತದೆ. ಆ ಕೈಯ ನಡುಕಕ್ಕೆ ಗೋಡೆಯ ಮೇಲೆ ಚಿತ್ರ ಬಿದ್ದಿತ್ತು.

"ಅದಕ್ಕೆ, ಕೀಲಿ ಇನ್ನು ನನ್ನ ಹತ್ತಿರ ಇರುತ್ತೆ. ನಾಳೆಯಿಂದ ಬಸ್ಸಲ್ಲಿ ಹೋಗು."

"ಮೊದಲ ಬಸ್ಸು ಒಂಬತ್ತಕ್ಕೆ. ನನ್ನ ಡ್ಯೂಟಿ ಎಂಟಕ್ಕೆ. ಇನ್ನೊಂದು ಸಲ ತಡವಾದರೆ ಮಕ್ಕಳ ವಾರ್ಡಿಂದ ತೆಗೆದು ಫೈಲಿನ ಕೋಣೆಗೆ ಹಾಕ್ತೀನಿ ಅಂದಿದ್ದಾರೆ ಮೇಡಮ್ಮು."

"ಫೈಲಿಗೆ ನಡುಗೋ ಕೈ ಆದ್ರೂ ನಡೆಯುತ್ತೆ" ಎಂದರು ಮೇಷ್ಟ್ರು, ಹಾಸ್ಯ ಮಾಡಿದೆನೆಂದುಕೊಂಡು. "ಇವತ್ತೊಂದು ದಿನ ನಾನೇ ಬಿಡ್ತೀನಿ. ಅನುಭವಸ್ಥರ ಕೈಯಲ್ಲಿ ಗಾಡಿ ಹೇಗೆ ಹೋಗುತ್ತೆ ನೀನೂ ನೋಡು."

ಸಾಕ್ಷಿಗೆ ಷಡ್ಡಕನೂ ಹತ್ತಿದ. ಪುಟ್ಟಿಯ ಶಾಲೆ ದಾರಿಯಲ್ಲೇ. ಅವಳು ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಕೂತಳು, ಜಡೆ ಮುಷ್ಟಿಯಲ್ಲಿ. ಊರು ದಾಟುವವರೆಗೂ ಮೇಷ್ಟ್ರು ಪಾಠ ಮಾಡಿದರು. ಹಿಡಿತ ಹೀಗಿರಬೇಕು, ಭುಜ ಸಡಿಲ ಇರಬೇಕು, ಮನಸ್ಸು ಶಾಂತ ಇರಬೇಕು. ಮುಳ್ಳು ಅರವತ್ತಕ್ಕೆ ಬರುವ ಹೊತ್ತಿಗೆ ಸೇತುವೆ ಬಂತು. ಸೇತುವೆಯೂ ರಸ್ತೆಯೂ ಸೇರುವಲ್ಲಿ ಒಂದು ಸಣ್ಣ ತಗ್ಗು.

ಧಡ್.

ಮೇಷ್ಟ್ರ ಕೈ, ಮೊಣಕೈ, ಭುಜ, ಕನ್ನಡಕ ಎಲ್ಲ ಒಟ್ಟಿಗೆ ನಡುಗಿದವು. ಎದುರಿನಿಂದ ಬರುತ್ತಿದ್ದ ಲಾರಿ ಹಾರ್ನು ಹಾಕಿತು. ಷಡ್ಡಕ ಡ್ಯಾಶ್‌ಬೋರ್ಡನ್ನು ತಬ್ಬಿಕೊಂಡ.

"ಬ್ರೇಕ್ ಒತ್ತಿ ಹಿಡೀಬೇಡಿ. ಕಾಲು ತೆಗೀರಿ, ಮೆಲ್ಲಗೆ ಎಡಕ್ಕೆ ತಗೊಳ್ಳಿ" ಎಂದಳು ನರ್ಸಮ್ಮ, ಅಳುವ ಮಗುವಿಗೆ ಹೇಳುವ ದನಿಯಲ್ಲಿ.

ಗಾಡಿ ಸೇತುವೆಯ ಆಚೆ ನಿಂತಿತು.

"ರಸ್ತೆ ಸರಿಯಿಲ್ಲ" ಎಂದರು ಮೇಷ್ಟ್ರು. ಗಡಿಯಾರದಲ್ಲಿ ಏಳೂಕಾಲು.

ನರ್ಸಮ್ಮ ಇಳಿದಳು. "ಎಂಜಿನ್ ಆನ್ ಇರಲಿ. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಇಷ್ಟು ದಿನ ನೀವು ಜಾಕ್ ಹಾಕಿ, ಚಕ್ರ ಗಾಳಿಯಲ್ಲಿ ಇಟ್ಟು ನೋಡಿದ್ರಿ. ಮಲಗಿದ ರೋಗಿಗೆ ಕಾಲು ನೋಯುತ್ತಾ ಅಂತ ಕೇಳಿದ ಹಾಗೆ. ಈಗ ಭಾರ ನೆಲದ ಮೇಲಿರಲಿ, ನಾನು ಹೇಳಿದಾಗ ಸ್ಟಿಯರಿಂಗನ್ನ ಒಂದೊಂದು ಗೇಣು ಎಡಕ್ಕೆ ಬಲಕ್ಕೆ ಆಡಿಸಿ."

ಬಿಳಿ ಯೂನಿಫಾರ್ಮಿನ ಮೇಲೆ ಷಡ್ಡಕನ ಹೊಸ ಜಾಕೆಟ್ಟನ್ನು ಕೇಳದೆಯೇ ಹಾಕಿಕೊಂಡು ಅವಳು ಬಂಪರಿನ ಕೆಳಗೆ ಮಲಗಿದಳು.

"ಆಡಿಸಿ."

ಒಂದೊಂದೇ ಕೀಲಿನ ಮೇಲೆ ಎರಡು ಬೆರಳಿಟ್ಟಳು, ನಾಡಿ ನೋಡುವ ಹಾಗೆ. ಇದು ಗಟ್ಟಿ. ಇದೂ ಗಟ್ಟಿ. ಮುಂದಿನ ಆಕ್ಸಲ್ ಅತ್ತಿತ್ತ ಜಾರದಂತೆ ಗಾಡಿಯ ಚೌಕಟ್ಟಿಗೆ ಕಟ್ಟಿಹಾಕುವ ಉದ್ದನೆಯ ಅಡ್ಡಕಂಬಿಯ ತುದಿಗೆ ಬಂದಾಗ ಬೆರಳಿಗೆ ಟಿಕ್ ಎಂದು ಹೊಡೆಯಿತು. ಸ್ಟಿಯರಿಂಗ್ ತಿರುಗಿದಾಗಲೆಲ್ಲ ಚಕ್ರಕ್ಕಿಂತ ಮೊದಲು ಆ ತುದಿ ಬೋಲ್ಟಿನ ಮೇಲೆ ಅರ್ಧ ಕಾಳಿನಷ್ಟು ಸರಿಯುತ್ತಿತ್ತು.

"ಸಾಕು. ಎಂಜಿನ್ ನಿಲ್ಲಿಸಿ."

ಎಂಜಿನ್ ನಿಂತ ಮೇಲೆ ಅವಳು ನಟ್ಟನ್ನು ಹಿಡಿದು ತಿರುಗಿಸಿದಳು. ಉಪ್ಪಿನಕಾಯಿ ಜಾಡಿಯ ಮುಚ್ಚಳವಾದರೂ ಅದಕ್ಕಿಂತ ಬಿಗಿ ಇರುತ್ತದೆ.

"ದೊಡ್ಡ ಸ್ಪ್ಯಾನರ್ ಕೊಡಪ್ಪ" ಎಂದಳು ಷಡ್ಡಕನಿಗೆ. ಅವನು ಪೆಟ್ಟಿಗೆಯಲ್ಲಿ ಹುಡುಕಿದ. ಸಿಕ್ಕ ಸ್ಪ್ಯಾನರಿಗೆ ಅಂಗಡಿಯ ಪ್ಲಾಸ್ಟಿಕ್ ಕವರು ಇನ್ನೂ ಇತ್ತು. ಅವಳು ಎಣಿಸುತ್ತ ಬಿಗಿದಳು. ಎರಡು ಸುತ್ತು, ಮೇಲೆ ಕಾಲು. ಕೊನೆಯ ಕಾಲು ಸುತ್ತಿಗೆ ಷಡ್ಡಕನೂ ಕೈ ಕೊಟ್ಟ, ಪುಟ್ಟಿ ಇಳಿದು ಬಗ್ಗಿ ನೋಡಿದಳು.

"ತೂತು ಸ್ವಲ್ಪ ಸವೆದಿದೆ. ಸಂಜೆ ಗ್ಯಾರೇಜಿಗೆ ಒಯ್ಯಬೇಕು. ಆಸ್ಪತ್ರೆ ಮುಟ್ಟೋಕೆ ಇದು ಸಾಕು" ಎಂದು ಎದ್ದು, ಗಂಡನ ಮುಂದೆ ಅಂಗೈ ಚಾಚಿದಳು. ಗ್ರೀಸು ಮೆತ್ತಿದ ಆ ಅಂಗೈ ಕದಲದೆ ನಿಂತಿತ್ತು. ಕೀಲಿ ಬಂತು.

ಪುಟ್ಟಿ ಈಗ ಹಿಂದಿನ ಸೀಟಿನಲ್ಲಿ ಅಪ್ಪನ ಪಕ್ಕ. ನರ್ಸಮ್ಮ ನಿಧಾನವಾಗಿ ಹೊರಟು, ಸದ್ದು ಕೇಳುತ್ತ, ಸ್ವಲ್ಪ ಸ್ವಲ್ಪವೇ ವೇಗ ಏರಿಸಿದಳು. ನಲವತ್ತು. ಐವತ್ತು. ಅರವತ್ತಕ್ಕೆ ಎರಡನೆಯ ಸೇತುವೆ, ಅದೇ ಥರದ ತಗ್ಗು. ಗಾಡಿ ಒಮ್ಮೆ ಕುಲುಕಿ, ಸುಮ್ಮನೆ ಮುಂದೆ ಹೋಯಿತು. ಅವಳ ಎರಡು ಬೆರಳು ಮಾತ್ರ ಸ್ಟಿಯರಿಂಗಿನ ಮೇಲಿದ್ದವು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಏನಾಗಿದೆ ಅಂದ್ರೆ, ನಿರಂತರ ಕಂಪನದಿಂದ ಬೋಲ್ಟು ತಾನಾಗಿಯೇ ಸಡಿಲ ಆಗಿದೆ. ಇವಳ ಕೈಯಿಂದ ಹುಟ್ಟಿದ ಆ ಕಂಪನ..."

"ಹೌದು ಭಾವ, ಕಂಪನ" ಎಂದ ಷಡ್ಡಕ, ಈ ಸಲ ಸ್ವಲ್ಪ ಮೆಲ್ಲಗೆ.

"ಅಪ್ಪಾ" ಎಂದಳು ಪುಟ್ಟಿ.

"ದೊಡ್ಡವರು ಮಾತಾಡುವಾಗ..."

"ಅವಳು ಮಾತಾಡಲಿ" ಎಂದಳು ನರ್ಸಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ.

ಪುಟ್ಟಿ ಮುಷ್ಟಿ ಬಿಟ್ಟಳು. ಅರ್ಧ ಜಡೆ ತನ್ನಷ್ಟಕ್ಕೆ ಬಿಚ್ಚಿಕೊಂಡಿತು.

"ಅಪ್ಪಾ, ಗಾಡಿ ಎತ್ತಿದ ದಿನ ಆ ಉದ್ದ ಕಂಬಿಯ ಬೋಲ್ಟನ್ನ ನಾನೇ ತಟ್ಟೆಯಿಂದ ಕೊಟ್ಟಿದ್ದು. ಅದನ್ನ ಗಾಡಿ ಕೆಳಗಿಳಿಸಿದ ಮೇಲೇ ಬಿಗಿ ಮಾಡಬೇಕು ಅಂತ ಚಿಕ್ಕಪ್ಪ ಫೋನಲ್ಲಿ ಓದಿದ್ರು. ನೀನು ಕೈಯಲ್ಲೇ ತಿರುಗಿಸಿ, ಫೋಟೋ ಆದ ಮೇಲೆ ಬಿಗಿ ಮಾಡ್ತೀನಿ ಅಂದೆ. ಆಮೇಲೆ ಮಾಡಿದ್ಯಾ?"