ಅದೇ ಕೈ, ಅದೇ ಕೋಲು

"ಮೊಣಕೈ," ಎಂದ ತರಬೇತುದಾರ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಇನ್ನೂ ಅರ್ಧ ಬೆರಳು ಒಳಗೆ ಬರಬೇಕು."

ತಂಗಿ ಮೊಣಕೈಯನ್ನು ಅರ್ಧ ಬೆರಳು ಒಳಗೆ ತಂದು ಹೊಡೆದಳು. ಚೆಂಡು ಮೇಲೆದ್ದು, ನೂರೈವತ್ತು ಗಜದಾಚೆ ನೆಟ್ಟಿದ್ದ ಹಳದಿ ಬಾವುಟದ ಬುಡದಲ್ಲೇ ಇಳಿಯಿತು. ಹಿಂದಿನ ಚೆಂಡೂ ಅಲ್ಲೇ ಬಿದ್ದಿತ್ತು. ಅದರ ಹಿಂದಿನದೂ.

"ಈಗ ಹೇಗನ್ನಿಸ್ತು?" ಎಂದು ಕೇಳಿದರು ಮನಸ್ಸಿನ ಡಾಕ್ಟರು.

"ಗೊತ್ತಾಗ್ತಿಲ್ಲ," ಎಂದಳು ಅವಳು.

ಅಣ್ಣ ಅವಳ ಗಾಲ್ಫ್ ಕೋಲನ್ನು, ಅಂದರೆ ಕ್ಲಬ್ಬನ್ನು, ಒದ್ದೆ ಟವೆಲಿನಿಂದ ಒರೆಸಿ ಚೀಲಕ್ಕೆ ಇಳಿಸಿದ. ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಇಳಿಸಿದ. ಯಾರೂ ತಿರುಗಿ ನೋಡಲಿಲ್ಲ. ಒಂಬತ್ತು ವರ್ಷದಿಂದ ಅವನು ಅವಳ ಕ್ಯಾಡಿ. ಹದಿನಾಲ್ಕು ಕ್ಲಬ್ಬುಗಳ ಚೀಲ ಹೊತ್ತು ಅವಳ ಪಕ್ಕ ನಡೆಯುವುದು, ಗಾಳಿ ಎತ್ತ ಬೀಸುತ್ತಿದೆ, ಬಾವುಟ ಎಷ್ಟು ದೂರ, ಹುಲ್ಲು ಎಷ್ಟು ಒದ್ದೆ ಎಂದು ಹೇಳುವುದು ಅವನ ಕೆಲಸ. ಅದಕ್ಕೂ ಮೊದಲು ಅವನೂ ಆಟಗಾರನೇ. ಎಂಟು ವರ್ಷ ಆಡಿ, ಒಮ್ಮೆ ಹನ್ನೊಂದನೆಯವನಾಗಿ, ಒಂದು ದಿನ ಸದ್ದಿಲ್ಲದೆ ಬಿಟ್ಟಿದ್ದ.

ಹೋದ ವರ್ಷ ತಂಗಿ ಆರು ಪಂದ್ಯ ಗೆದ್ದಳು. ಇನ್ನು ಹತ್ತು ವರ್ಷ ಇವಳನ್ನು ಮುಟ್ಟುವವರಿಲ್ಲ ಎಂದು ಪತ್ರಿಕೆಗಳು ಬರೆದವು. ಅವರೇನೋ ಬರೆದರು, ಇವಳು ನಂಬಿದಳು. ನಂಬಿದ ಮೇಲೆ ಹೆದರಿದಳು. "ಮೇಲೆ ಉಳೀಬೇಕಂದ್ರೆ ಇನ್ನೂ ಚೆನ್ನಾಗಿ ಆಡ್ಬೇಕು ಅಣ್ಣಾ, ಎಲ್ಲರೂ ಚೆನ್ನಾಗಿ ಆಡ್ತಿದ್ದಾರೆ," ಎನ್ನುತ್ತಾ ಆ ಚಳಿಗಾಲದಲ್ಲಿ ಈ ಮೂವರನ್ನು ಕರೆತಂದಳು. ಹೊಡೆತ ತಿದ್ದಲು ಒಬ್ಬ, ಮನಸ್ಸು ತಿದ್ದಲು ಒಬ್ಬರು, ಬೆನ್ನು ಭುಜ ಬಲಪಡಿಸಲು ಇನ್ನೊಬ್ಬ. ಈ ವರ್ಷ ಹದಿಮೂರು ಪಂದ್ಯ ಮುಗಿದವು. ಎರಡು ಸಲ ಎರಡನೆಯವಳು, ಒಮ್ಮೆ ನಾಲ್ಕನೆಯವಳು, ಮೂರು ಸಲ ಒಂಬತ್ತನೆಯವಳು. ಬೇರೆ ಯಾರಿಗಾದರೂ ಇಂಥ ವರ್ಷ ಬಂದಿದ್ದರೆ ಕುಣಿದಾಡುತ್ತಿದ್ದರು. ಇವಳನ್ನು ಮಾತ್ರ ಜನ ಸಾವಿನ ಮನೆಗೆ ಬಂದವರ ಹಾಗೆ ಭುಜ ತಟ್ಟಿ ಮಾತಾಡಿಸುತ್ತಿದ್ದರು.

ಅಂದು ಹದಿನಾಲ್ಕನೆಯ ಪಂದ್ಯದ ಕೊನೆಯ ದಿನ; ಬೆಳಗಿನ ಅಭ್ಯಾಸ ಮುಗಿಸಿ ಆಟಕ್ಕಿಳಿದರು. ಬಾವುಟ ನೆಟ್ಟ ಹದಿನೆಂಟು ತೂತುಗಳಿಗೆ, ಅಂದರೆ ಹೋಲ್‌ಗಳಿಗೆ, ಅತಿ ಕಡಿಮೆ ಏಟಿನಲ್ಲಿ ಚೆಂಡು ಹಾಕಿದವರು ಗೆಲ್ಲುವ ಆಟ. ಹದಿನೇಳು ಹೋಲ್ ಮುಗಿದಾಗ ಅವಳೂ, ವೃತ್ತಿಗೆ ಬಂದು ಆರು ತಿಂಗಳೂ ಆಗಿರದ ಒಬ್ಬ ಹುಡುಗಿಯೂ ಸಮಸಮ. ಉಳಿದದ್ದು ಒಂದೇ ಹೋಲ್. ತಂಗಿಯ ಮೊದಲ ಏಟು ದಾರದಲ್ಲಿ ಎಳೆದಂತೆ ಮೈದಾನದ ನಟ್ಟನಡುವೆ ಹೋಯಿತು. ಹೋಗಿ ನೋಡಿದರೆ ಚೆಂಡು, ಬೆಳಿಗ್ಗೆ ಯಾರೋ ಹೊಡೆದು ಹುಲ್ಲು ಕಿತ್ತ ಕುಳಿಯೊಳಗೆ ಕೂತಿತ್ತು. ಅಷ್ಟು ಅಗಲದ ಮೈದಾನದಲ್ಲಿ ಅಂಗೈಯಷ್ಟು ಜಾಗ! ಅಣ್ಣ ಹಲ್ಲು ಕಚ್ಚಿಕೊಂಡ. ಅವಳು ಅಲ್ಲಿಂದಲೂ ಹೊಡೆದು ಚೆಂಡನ್ನು ಬಾವುಟದಿಂದ ಎಂಟು ಅಡಿಗೆ ತಂದಳು. ಅಂಥ ಹೊಡೆತವನ್ನು ಅವನು ಒಂಬತ್ತು ವರ್ಷದಲ್ಲಿ ಮೂರೋ ನಾಲ್ಕೋ ಸಲ ನೋಡಿದ್ದ.

ಹುಡುಗಿಯ ಎರಡನೆಯ ಏಟು ಮರಳುಗುಂಡಿಗೆ ಬಿತ್ತು. ಅವಳು ಮರಳಿನಿಂದ ಎತ್ತಿದ ಚೆಂಡು ತಲೆಕೆಟ್ಟಂತೆ ಹಾರಿತು. ಆ ವೇಗಕ್ಕೆ ಅದು ಆಚೆಯ ಪ್ರೇಕ್ಷಕರ ಕಾಲಡಿಗೆ ಹೋಗಬೇಕಿತ್ತು. ಆದರೆ ಬಾವುಟದ ಕೋಲಿಗೆ ಬಡಿಯಿತು, ಬಡಿದು ನೇರ ಹೋಲ್‌ನೊಳಗೆ ಬಿತ್ತು. ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಸಮವಾಗಿಯಾದರೂ ಉಳಿಯಬೇಕಾದರೆ ಈಗ ತಂಗಿ ಚೆಂಡನ್ನು ಆ ಎಂಟು ಅಡಿ ಒಂದೇ ತಟ್ಟಿಗೆ ದಾಟಿಸಬೇಕು. ಅಣ್ಣ ಕುಕ್ಕರಗಾಲಲ್ಲಿ ಕೂತು ಇಳಿಜಾರು ನೋಡಿ, "ಬಲಕ್ಕೆ ಒಂದು ಚೆಂಡಿನಷ್ಟು," ಎಂದ. ಅವಳು ಅಲ್ಲಿಗೇ ತಟ್ಟಿದಳು. ಚೆಂಡು ಹೋಲ್‌ನ ಬಾಯಂಚಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು.

"ಏನು ತಪ್ಪಾಯ್ತು?" ಎಂದು ಕೇಳಿದರು ಪತ್ರಿಕೆಯವರು.

"ಮೊಣಕೈ," ಎಂದಳು ತಂಗಿ.

ಸಂಜೆ ನಾಲ್ಕೂವರೆಗೆ ಅವಳು ಮತ್ತೆ ಅಭ್ಯಾಸದ ಮೈದಾನದಲ್ಲಿದ್ದಳು. ತರಬೇತುದಾರ ಕ್ಯಾಮೆರಾದ ಮೂರು ಕಾಲು ಬಿಡಿಸುತ್ತಿದ್ದ. ಅಣ್ಣನಿಗೆ ತಡೆಯಲಾಗಲಿಲ್ಲ.

"ಪುಟ್ಟಿ, ಏನೂ ತಪ್ಪಾಗಿಲ್ಲ. ಏನಂದ್ರೆ ಏನೂ ಇಲ್ಲ. ಸುಮ್ನೆ ಮನೆಗೆ ನಡಿ."

"ತಪ್ಪಾಗದೆ ಸೋಲ್ತಾರಾ?"

"ವಾರವಾರ ಸೋಲ್ತಾರೆ! ಈ ಆಟದಲ್ಲಿ ಅದೇ ನಡೆಯೋದು. ಹೋದ ವರ್ಷ ಗೆದ್ದಾಗ ಏನು ಸರಿಯಾಯ್ತು ಅಂತ ಯಾರಾದ್ರೂ ಕೇಳಿದ್ರಾ? ಬೇಸಿಗೆಯ ಪಂದ್ಯ ನೆನಪಿದೆಯಾ? ಹದಿನಾರನೇ ಹೋಲ್, ದಿಬ್ಬದ ಆಚೆ ನಾನು ಮುಂದೆ ಹೋಗಿ ನಿಂತಿದ್ದೆ. ನಿನ್ನ ಚೆಂಡು ಸೀದಾ ಕೆರೆಗೆ ಹೋಗ್ತಿತ್ತು. ಮರಕ್ಕೆ ತಗುಲಿ ವಾಪಸ್ ಬಂತು. ನೀನು ಗೆದ್ದಿದ್ದು ಒಂದೇ ಏಟಿನ ಅಂತರದಲ್ಲಿ."

ತಂಗಿ ಅವನತ್ತ ತಿರುಗಿದಳು. "ಯಾಕೆ ಹೇಳ್ಲಿಲ್ಲ?"

"ನಿನಗಿನ್ನೂ ಎರಡು ಹೋಲ್ ಆಡೋದಿತ್ತು."

"ಆಮೇಲೆ?"

ಆಮೇಲೆ ಅವಳು ಕಪ್ ಎತ್ತಿ ಹಿಡಿದು ನಗುತ್ತಿದ್ದಳು. ಆಗ ಹೇಗೆ ಹೇಳುವುದು? ಬದಲಿಗೆ, "ನಿನ್ನಷ್ಟೇ ಚೆನ್ನಾಗಿ ಆಡೋರು ಇನ್ನೂ ಮೂವತ್ತು ಜನ ಇದ್ದಾರೆ," ಎಂದ. "ವಾರಕ್ಕೊಬ್ಬಳ ಚೆಂಡು ಮರಕ್ಕೆ ತಗುಲಿ ಒಳಗೆ ಬರುತ್ತೆ. ಇವತ್ತು ಆ ಹುಡುಗೀದು ಬಂತು. ಅದಕ್ಕೆ ಮೊಣಕೈ ಏನು ಮಾಡುತ್ತೆ?"

"ಇದು ಹನ್ನೊಂದನೇ ಸ್ಥಾನದಿಂದ ಮೇಲೆ ಹೋಗದವನ ಮಾತು," ಎಂದಳು ತಂಗಿ. "ಸೋತಿದ್ದಕ್ಕೆ ಜೀವನಪೂರ್ತಿ ಸಮಾಧಾನ ಹುಡುಕಿ ಇಟ್ಕೊಂಡವನ ಮಾತು. ಚೀಲ ಕೆಳಗಿಡು."

ಅವನು ಇಟ್ಟ. ಮೂವರು ಪಂಡಿತರೂ ಏಕಕಾಲಕ್ಕೆ ತಮ್ಮ ಬೂಟುಗಳನ್ನು ನೋಡಿಕೊಂಡರು.

ಅಮ್ಮನ ಮನೆಯಲ್ಲಿ ಅವನಿಗೆ ನೆಮ್ಮದಿ ಸಿಗುತ್ತದೆಂದು ಅಂದುಕೊಂಡದ್ದೇ ತಪ್ಪಾಯಿತು. ಅಮ್ಮ ನಲವತ್ತು ವರ್ಷ ಬಟ್ಟೆ ಹೊಲಿದವರು. ಮಗಳ ಕಷ್ಟವನ್ನು ಮಗ ವಿವರಿಸಿದಷ್ಟೂ ಅವರಿಗೆ ಅದು ಶುದ್ಧ ಸೋಮಾರಿತನವೆಂದೇ ಕಂಡಿತು.

"ಅದೇ ಕೈ, ಅದೇ ಕೋಲು, ಅದೇ ಚೆಂಡು. ಹೋದ ವರ್ಷ ಹೊಡೆದ ಹಾಗೇ ಹೊಡೆದರಾಯ್ತಪ್ಪ. ಹೋದ ವರ್ಷ ನೆಟ್ಟಗೆ ಬಂದ ಹೊಲಿಗೆ ಈ ವರ್ಷ ಸೊಟ್ಟ ಬರುತ್ತಾ?"

"ನಿನ್ನ ಬಟ್ಟೆ ಗಾಳಿಗೆ ಹಾರಲ್ಲ ಅಮ್ಮ."

"ಕಿಟಕಿ ಹಾಕ್ಕೋಬೇಕು."

"ಮೈದಾನಕ್ಕೆ ಕಿಟಕಿ ಎಲ್ಲಿಂದ ತರ್ಲಿ?" ಅವನ ದನಿ ಏರಿತು. "ನೂರೈವತ್ತು ಜನ ನಿನ್ನ ಪಕ್ಕ ಕೂತು, ನಿನ್ನ ಹಾಗೇ ನೆಟ್ಟಗೆ ಹೊಲೀತಿದ್ದಾರೆ ಅಂದ್ಕೋ. ನಾಲ್ಕು ದಿನ ಹೊಲಿದ ಮೇಲೆ, ಒಂದೇ ಒಂದು ಹೊಲಿಗೆ ಹೆಚ್ಚು ಕಮ್ಮಿ ಆದವರನ್ನ ಸೋತೆ ಅಂತಾರೆ. ಮರುವಾರ ಬೇರೆ ಬಟ್ಟೆ, ಬೇರೆ ಮಿಷನ್. ವರ್ಷವಿಡೀ ಹೀಗೆ. ನೀನೇ ಗೆಲ್ತಿದ್ಯಾ?"

ಅಮ್ಮ ಕನ್ನಡಕ ಏರಿಸಿ ಪ್ರಾಮಾಣಿಕವಾಗಿ ಯೋಚಿಸಿದರು. "ಗೆಲ್ತಿದ್ದೆ," ಎಂದರು.

ಮೂರನೆಯ ವಾರ ಇಬ್ಬರೂ ಟೀವಿಯಲ್ಲಿ ತಂಗಿಯ ಆಟ ನೋಡಿದರು. ಚೀಲ ಹೊತ್ತವನು ಯಾರೋ ಹೊಸಬ. ಅವಳು ಏಟಿಗೆ ಮುಂಚೆ ನಾಲ್ಕು ಸಲ ಕೈ ಸರಿಪಡಿಸಿಕೊಂಡಳು, ಐದನೆಯ ಸಲ ಹಿಂದೆ ಸರಿದಳು. ಅಣ್ಣ ಕೂತಲ್ಲೇ ಸಿಡಿಮಿಡಿಗೊಂಡ. "ಹೊಡಿಯೇ ಮಾರಾಯ್ತಿ!" ಎಂದು ಟೀವಿಯನ್ನೇ ಗದರಿದ. ಎರಡನೆಯ ದಿನದ ಕೊನೆಗೆ, ನಿಯಮದಂತೆ, ಹಿಂದುಳಿದ ಅರ್ಧದಷ್ಟು ಆಟಗಾರರನ್ನು ಮನೆಗೆ ಕಳಿಸಿದರು. ಒಂದು ಏಟಿನ ಅಂತರದಲ್ಲಿ ಅವಳೂ ಅವರಲ್ಲಿ ಸೇರಿದಳು.

"ಆರು ಕಪ್ ಗೆದ್ದವಳನ್ನೂ ಕಳಿಸ್ತಾರಾ?" ಎಂದರು ಅಮ್ಮ. ಈ ಸಲ ಅವರ ದನಿಯಲ್ಲಿ ವಾದವಿರಲಿಲ್ಲ.

ಶನಿವಾರ ಮಧ್ಯಾಹ್ನ ತಂಗಿ ಒಂದು ಸಣ್ಣ ಬ್ಯಾಗ್ ಹಿಡಿದು ಬಂದಳು. ಎರಡು ವರ್ಷದಿಂದ ಅವಳಿಗೆ ಶನಿವಾರ ಬಿಡುವೆಂಬುದೇ ಇರಲಿಲ್ಲ. ಏನು ಮಾಡಬೇಕೆಂದು ತಿಳಿಯದವಳಂತೆ ಬಾಗಿಲಲ್ಲೇ ನಿಂತಳು. ಅಮ್ಮ ಏನೂ ಕೇಳದೆ ತಟ್ಟೆ ಇಟ್ಟು ಅನ್ನ ಬಡಿಸಿದರು. ಅವಳು ಅರ್ಧ ಊಟ ಮಾಡಿ, ತಲೆಯೆತ್ತದೆ ಕೇಳಿದಳು:

"ಯಾವ ಮರ?"

"ಎಡಗಡೆ ಬಾಗಿತ್ತಲ್ಲ, ಒಂಟಿ ಮರ, ಅದು."

"ಅಂಥ ಗೆಲುವು ಒಟ್ಟು ಎಷ್ಟಿವೆ? ಸುಳ್ಳು ಹೇಳ್ಬೇಡ."

ಈ ಪ್ರಶ್ನೆಗೆ ಮೂರು ವಾರದಿಂದ ಅವನ ಬಳಿ ಉತ್ತರ ಸಿದ್ಧವಿತ್ತು. ಆದರೆ ಅವಳ ಕುತ್ತಿಗೆಯ ಹಿಂದಿನ ಬಿಸಿಲಿಗೆ ಸುಟ್ಟ ಗೆರೆ ನೋಡುತ್ತ ಅದನ್ನು ಹೇಳುವುದು ಬೇರೆ ಮಾತು.

"ಆರರಲ್ಲಿ ಎರಡು. ಬಾಕಿ ನಾಲ್ಕು ನಿನ್ನವೇ ಪುಟ್ಟಿ. ಅದರಲ್ಲಿ ಮರ ಗಿರ ಯಾವುದೂ ಇಲ್ಲ. ನಾನು ಪಕ್ಕದಲ್ಲೇ ಇದ್ದೆ."

"ನಾಲ್ಕು," ಎಂದಳು ಅವಳು. ಅನ್ನ ಕಲಸುತ್ತಲೇ ಇದ್ದಳು, ತಿನ್ನಲಿಲ್ಲ. "ಅವತ್ತು ಹನ್ನೊಂದು ಅಂದಿದ್ದು..."

"ನಿಜ ತಾನೆ? ಹನ್ನೊಂದೇ."

"ನಿಜ ಅಂತ ಹೇಳಿದ್ದಲ್ಲ ಅಣ್ಣಾ. ನೋವಾಗ್ಲಿ ಅಂತ ಹೇಳಿದ್ದು."

"ಆಯ್ತು," ಎಂದ ಅವನು. "ಮರದ್ದೂ ನಾನು ಹಾಗೇ ಹೇಳಿದ್ದು."

ಅಮ್ಮ ಇಬ್ಬರ ತಟ್ಟೆಗೂ ಕೇಳದೆಯೇ ಇನ್ನಷ್ಟು ಬಡಿಸಿದರು.

"ಮುಂದಿನ ವಾರ ಸಮುದ್ರದ ಪಕ್ಕದ ಮೈದಾನ," ಎಂದಳು ತಂಗಿ, ಕೈ ತೊಳೆದು ಬಂದು. "ಗಾಳಿ ಜಾಸ್ತಿ. ಆ ಹೊಸಬನಿಗೆ ಗಾಳಿ ಗೊತ್ತಾಗಲ್ಲ."

"ಆ ಮೂವರು?"

"ಇಬ್ಬರನ್ನ ಕಳಿಸಿದೆ."

ಅಣ್ಣನ ಎದೆ ಹಗುರಾಯಿತು. "ಯಾರನ್ನ ಇಟ್ಕೊಂಡೆ?"

"ಮೊಣಕೈಯವನನ್ನ."

ಅವನು ಹಣೆಗೆ ಕೈ ಹಚ್ಚಿದ. ಕೂಗಬೇಕೆನ್ನಿಸಿತು. ಇವಳಿಗೆ ಎಷ್ಟು ಹೇಳಿದರೂ ಅಷ್ಟೇ, ಬರುವ ವರ್ಷವೂ ಇದೇ ಹಾಡು, ಅದರ ಮುಂದಿನ ವರ್ಷ ಇನ್ಯಾವ ಹುಡುಗಿಯ ಚೆಂಡು ಇನ್ಯಾವ ಕೋಲಿಗೆ ಬಡಿದು ಒಳಗೆ ಬೀಳುತ್ತದೋ. ಕೊನೆಗೆ, "ಎಷ್ಟು ಗಂಟೆಗೆ ಹೊರಡೋದು?" ಎಂದಷ್ಟೇ ಕೇಳಿದ.

ತಂಗಿ ಆಗಲೇ ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಉದ್ದ ಹಿಡಿಯ ಸೌಟನ್ನು ಕೈಗೆತ್ತಿಕೊಂಡಿದ್ದಳು. ಕಾಲು ಅಗಲಿಸಿ, ಬೆನ್ನು ಬಾಗಿಸಿ, ಇಲ್ಲದ ಚೆಂಡನ್ನು ದಿಟ್ಟಿಸುತ್ತ ನಿಂತಿದ್ದಳು. ಸೌಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೆಲ ಒದ್ದೆ ಮಾಡ್ಬೇಡ್ವೇ!" ಎಂದು ಅಮ್ಮ ಕೂಗಿದರು.

ಅವಳು ಸೌಟನ್ನು ನಿಧಾನಕ್ಕೆ ಹಿಂದಕ್ಕೆ ಎತ್ತತೊಡಗಿದಳು. ಅಣ್ಣ ಎದ್ದು ಹೋಗಿ, ಅವಳ ಬೆನ್ನ ಹಿಂದಿದ್ದ ಕುರ್ಚಿಯನ್ನು ಸದ್ದಾಗದಂತೆ ಪಕ್ಕಕ್ಕೆ ಎಳೆದುಕೊಂಡ.