ಮರುವಾಯಿಯ ಬಳೆ

ವಿಮಲಾ ಕತ್ತರಿಯನ್ನು ದಾರಕ್ಕೆ ತಾಗಿಸುವಷ್ಟರಲ್ಲಿ ಚೆನ್ನಯ ಅವಳ ಕೈ ಹಿಡಿದ.

"ಮುಟ್ಬೇಡ. ಅದು ಅವಳೊಟ್ಟಿಗೇ ಹೋಗ್ಲಿ."

ನಿನ್ನೆ ಎದೆನೋವಿಗೆ ತೀರಿಕೊಂಡ ಶೀಲಾವತಿಯನ್ನು ಸ್ನಾನ ಮಾಡಿಸಿ, ಮುತ್ತೈದೆಯೆಂದು ಕೆಂಪು ಸೀರೆ ಉಡಿಸಿ ಮಲಗಿಸಿದ್ದರು. ಮಣಿಕಟ್ಟಿನ ಕಪ್ಪು ದಾರದಲ್ಲಿ ಹಿತ್ತಾಳೆಯ ಪುಟ್ಟ ಬಳೆಯೊಂದಿತ್ತು. ಹನ್ನೊಂದು ತಿಂಗಳಿಗೇ ಹೋದ ಮಗಳದು. ಅವಳಿಗೂ ಗಂಡ ಚೆನ್ನಯನಿಗೂ ಉಳಿದ ಗುರುತು ಅದೊಂದೇ.

ವಿಮಲಾ ಕಾಂದಿವಲಿಯ ಅದೇ ಚಾಳಿನವಳು, ಶೀಲಾವತಿಯ ಜೊತೆ ಚಾಳಿನ ಹಿಂದೆ ಸಮುದ್ರದ ನೀರು ಏರಿಳಿಯುವ ಖಾಡಿಯಲ್ಲಿ ಮರುವಾಯಿ ಚಿಪ್ಪುಮೀನು ಹೆಕ್ಕುತ್ತಿದ್ದವಳು. ಅವಳು ಕತ್ತರಿ ಬಿಡಲಿಲ್ಲ.

"ಚೆನ್ನಯಣ್ಣ, ಮೂರು ಗಂಟೆಗೆ ನೀರು ಇಳೀತದೆ. ಆಚೆ ದಡದವರು ಆಗ್ಲೇ ಗೋಣಿ ತಂದು ಕೂತಿದ್ದಾರೆ. ಬಳೆ ಇಲ್ಲಾಂದ್ರೆ ಮರಿ ಸಮೇತ ಬಾಚ್ತಾರೆ. ನಮ್ಮವ್ರೂ ಸುಮ್ನಿರ್ಲಿಕ್ಕಿಲ್ಲ."

"ಬೇರೆ ಬಳೆ ತಗೊಳ್ಳಿ."

"ಬೇರೆಯದ್ದನ್ನು ಯಾರು ನಂಬ್ತಾರೆ?"

ಹೊರಗೆ ಹೆಣ ಒಯ್ಯುವ ವ್ಯಾನಿನವನು ಹಾರ್ನ್ ಹೊಡೆದ.

*

ಹದಿನೆಂಟು ವರ್ಷದ ಹಿಂದೆ ಎರಡೂ ದಡದವರು ಹಟಕ್ಕೆ ಬಿದ್ದು ಮರಿಗಳನ್ನೂ ಬಿಡದೆ ಬಾಚಿದ್ದರು. ಮರುವರ್ಷ ಶೀಲಾವತಿ ತನಗೆ ಸಿಕ್ಕಿದ್ದನ್ನು ಗೋಣಿಯ ಮೇಲೆ ಗಾತ್ರ ನೋಡಿ ಸಾಲಾಗಿ ಹರಡಿದಳು. ಒಂದು ಕೊನೆಯಲ್ಲಿ ನಾಲ್ಕಾರು ಮುದಿ ಚಿಪ್ಪು, ಇನ್ನೊಂದು ಕೊನೆಯಲ್ಲಿ ಉಗುರಿನಷ್ಟು ಮರಿ. ನಡುವೆ ಬರೀ ಗೋಣಿ.

"ಬಿತ್ತನೆ ಭತ್ತ ಬೇಯಿಸಿ ಉಂಡ ಹಾಗಾಯ್ತು," ಎಂದಳು. "ನಡುಪ್ರಾಯದ್ದು ಒಂದೂ ಇಲ್ಲ. ಈ ಮರಿಗಳೂ ಹೋದ್ರೆ ಖಾಡಿಯೂ ನಮ್ಮನೆ ಹಾಗೇ."

ಮರುದಿನ ಮಗಳ ಬಳೆ ಕಟ್ಟಿಕೊಂಡು ಹೋದಳು. ಎರಡೂ ದಡದವರು ಹೆಕ್ಕಿದ್ದನ್ನು ಅದರಲ್ಲೇ ಅಳೆದಳು: ಬಳೆಯಲ್ಲಿ ತೂರಿದ್ದು ನೀರಿಗೆ, ತೂರದ್ದು ಬುಟ್ಟಿಗೆ. ಜಗಳಗಂಟಿಯರೂ ಸತ್ತ ಮಗುವಿನ ಬಳೆಗೆ ಎದುರಾಡಲಿಲ್ಲ.

ಚೆನ್ನಯ ಮಾತ್ರ ಒಪ್ಪಲಿಲ್ಲ. ಮಗಳದನ್ನು ಕೆಸರಿಗೆ ಅದ್ದಿದಳೆಂದು ಸಿಟ್ಟಾಗಿ, ಕೆಲಸಕ್ಕಿದ್ದ ಗ್ರಾಂಟ್ ರೋಡಿನ ಹೋಟೆಲಿನಲ್ಲೇ ಒಂದು ತಿಂಗಳು ಮಲಗಿದ್ದ. ಆಮೇಲೂ ಆ ಬಳೆಯತ್ತ ಕಣ್ಣು ಹಾಯಿಸಿದವನಲ್ಲ.

*

ಈಗ ನೋಡಿದ. ಹೊರಮೈಯಲ್ಲಿ ಅಕ್ಕಸಾಲಿ ಕೊರೆದ ಬಳ್ಳಿ ಹಾಗೇ ಇತ್ತು. ಒಳಮೈ ಚಿಪ್ಪುಗಳು ಉಜ್ಜಿ ಉಜ್ಜಿ ನುಣುಪಾಗಿ ಹೊಳೆಯುತ್ತಿತ್ತು. ಅಷ್ಟೊಂದು ಮರಿಗಳು ಅದರೊಳಗಿಂದ ಹಾದು ನೀರಿಗೆ ಮರಳಿದ್ದವು. ಅವನಿಗೆ ಅಳು ಉಕ್ಕಿ ಬಂತು.

ಕತ್ತರಿ ಇಸಿದುಕೊಂಡು ತಾನೇ ದಾರ ಕತ್ತರಿಸಿದ. ಆದರೆ ಬಳೆಯನ್ನು ವಿಮಲಾಳಿಗೆ ಕೊಡದೆ ಮುಷ್ಟಿಯಲ್ಲಿ ಹಿಡಿದೇ ವ್ಯಾನು ಹತ್ತಿದ.

ಮೂರೂವರೆಗೆ ಖಾಡಿಯಲ್ಲಿ ಎರಡು ಗುಂಪು ಎದುರುಬದುರು ನಿಂತಿದ್ದವು. ಬಳೆ ಚಿತೆಗೇ ಹೋಯಿತೆಂದು ಸುದ್ದಿಯಾಗಿತ್ತು. ಆಚೆಯವಳೊಬ್ಬಳು ಸಲಿಕೆ ಊರುವಷ್ಟರಲ್ಲಿ, ಬೆಂಕಿಯಿಟ್ಟು ಬಂದ ಚೆನ್ನಯ ಒದ್ದೆ ಪಂಚೆಯಲ್ಲೇ ಕೆಸರಿಗೆ ಇಳಿದ. ಕೈಹಾಕಿ, ಸಿಕ್ಕಿದ ಮರುವಾಯಿಯೊಂದನ್ನು ಬಳೆಗೆ ಹಿಡಿದ. ಅದು ತೂರಿ ಅಂಗೈಗೆ ಬಿತ್ತು. ಬಾಗಿ ನೀರಿಗೆ ಬಿಟ್ಟ.

ಆಚೆಯವಳು ಸಲಿಕೆ ಮಲಗಿಸಿ, ತನ್ನ ಬುಟ್ಟಿಯನ್ನು ತಂದು ಅವನ ಮುಂದೆ ಇಟ್ಟಳು.